ಒಂದಕ್ಷರ ಹೆಚ್ಚು, ಇಪ್ಪತ್ತೆರಡು ವರ್ಷ ಕಡಿಮೆ

ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ರಟ್ಟಿನ ಚೂರು. ಅದರ ಮೇಲೆ ಬೇಸ್‌ಬಾಲ್ ಆಟಗಾರನೊಬ್ಬನ ವರ್ಣಚಿತ್ರ, ಕೆಳಗೆ ಆತನ ಹೆಸರು ಮತ್ತು ತಂಡ. ಅಮೆರಿಕದ ಟಾಪ್ಸ್ ಎಂಬ ಬಬಲ್‌ಗಮ್ ಕಂಪನಿ 1953ರಲ್ಲಿ ಹೊರತಂದ ಮಾಲಿಕೆಯ 220ನೇ ಕಾರ್ಡು ಇದು. ಚಿತ್ರದಲ್ಲಿರುವವನು ಸೇಂಟ್ ಲೂಯಿ ಬ್ರೌನ್ಸ್ ತಂಡದ ಪಿಚರ್ ಸ್ಯಾಚೆಲ್ ಪೇಜ್. ಮೊದಲ ಹೆಸರಿನ ಕೊನೆಯಲ್ಲಿ ಇಂಗ್ಲಿಷಿನ ‘ಎಲ್’ ಅಕ್ಷರ ಒಂದಿರಬೇಕಾದ ಕಡೆ ಎರಡು ಬಿದ್ದಿದೆ! ಇಂದು ಸಂಗ್ರಾಹಕರು ಈ ತಪ್ಪಿನ ಸಮೇತವೇ ಕಾರ್ಡನ್ನು ಹುಡುಕಿ ಕೊಳ್ಳುತ್ತಾರೆ. ಆದರೆ ಪೇಜ್‌ನ ಬದುಕಿನಲ್ಲಿ ನಡೆದ ದೊಡ್ಡ ತಪ್ಪು ಅಕ್ಷರದ್ದಲ್ಲ, ವರ್ಷಗಳದ್ದು.

ಅಮೆರಿಕದಲ್ಲಿ ಇಂಥ ಕಾರ್ಡುಗಳ ಹುಚ್ಚು 1880ರ ದಶಕದಷ್ಟು ಹಳೆಯದು. ಮೊದಲು ಸಿಗರೇಟು ಕಂಪನಿಗಳು ಪ್ಯಾಕೆಟ್ಟು ಮುದುಡದಿರಲೆಂದು ಇಡುತ್ತಿದ್ದ ರಟ್ಟಿನ ಮೇಲೆ ಆಟಗಾರರ ಚಿತ್ರ ಮುದ್ರಿಸಿದವು. ಮುಂದೆ ಬಬಲ್‌ಗಮ್ ತಯಾರಕರು ಮಕ್ಕಳನ್ನು ಸೆಳೆಯಲು ಅದೇ ಉಪಾಯ ಹಿಡಿದರು. ಕಾರ್ಡಿನ ಹಿಂಬದಿಯಲ್ಲಿ ಆಟಗಾರನ ಪರಿಚಯ, ಅಂಕಿಅಂಶ. ಸಾವಿರಾರು ಮಕ್ಕಳು ಬೇಸ್‌ಬಾಲ್ ಇತಿಹಾಸ ಕಲಿತದ್ದು ಈ ಪುಟ್ಟ ರಟ್ಟುಗಳಿಂದಲೇ. ಹಾಗಾಗಿ ಅವುಗಳಲ್ಲಿ ಏನಿತ್ತು ಎಂಬುದರಷ್ಟೇ ಏನಿರಲಿಲ್ಲ ಎಂಬುದೂ ಮುಖ್ಯ.

ಪಿಚರ್ ಎಂದರೆ ಕ್ರಿಕೆಟ್ಟಿನ ಬೌಲರ್ ಇದ್ದಂತೆ. ಆದರೆ ಆತ ಓಡಿ ಬರುವುದಿಲ್ಲ. ನಿಂತಲ್ಲಿಂದಲೇ ತೋಳು ಬೀಸಿ, ಚೆಂಡು ನೆಲ ಮುಟ್ಟದಂತೆ ಎಸೆಯುತ್ತಾನೆ. ಈ ಕಲೆಯಲ್ಲಿ ಪೇಜ್‌ನನ್ನು ಮೀರಿಸುವವರು ವಿರಳ. ಅಲಬಾಮಾದ ಮೊಬೀಲ್ ಪಟ್ಟಣದಲ್ಲಿ 1906ರಲ್ಲಿ ಹುಟ್ಟಿದ ಆತನ ನಿಜನಾಮ ಲೀರಾಯ್. ಬಡತನದ ಮನೆ. ರೈಲು ನಿಲ್ದಾಣದಲ್ಲಿ ಪ್ರಯಾಣಿಕರ ಚೀಲ ಹೊತ್ತು ಕಾಸು ಸಂಪಾದಿಸುತ್ತಿದ್ದ ಹುಡುಗನಿಗೆ ‘ಸ್ಯಾಚೆಲ್’, ಅಂದರೆ ಕೈಚೀಲ, ಎಂಬ ಅಡ್ಡಹೆಸರು ಅಂಟಿಕೊಂಡಿತು. ಸಣ್ಣ ಕಳ್ಳತನಕ್ಕಾಗಿ ಹನ್ನೆರಡನೆಯ ವಯಸ್ಸಿನಲ್ಲಿ ಸುಧಾರಣಾ ಶಾಲೆ ಸೇರಬೇಕಾಯಿತು. ಚೆಂಡೆಸೆತದ ಪಾಠವನ್ನು ಆತ ಸರಿಯಾಗಿ ಕಲಿತದ್ದು ಅಲ್ಲಿಯೇ.

1926ರಲ್ಲಿ ಪೇಜ್ ವೃತ್ತಿಪರ ಆಟಗಾರನಾದ. ಆದರೆ ‘ಮೇಜರ್ ಲೀಗ್’ ಎನಿಸಿದ ಪ್ರಧಾನ ಪಂದ್ಯಾವಳಿಗಳ ಬಾಗಿಲು ಕಪ್ಪು ಜನರಿಗೆ ಮುಚ್ಚಿತ್ತು. ಹಾಗೆಂದು ಬರೆದಿಟ್ಟ ನಿಯಮವೇನೂ ಇರಲಿಲ್ಲ; ತಂಡದ ಮಾಲೀಕರೆಲ್ಲ ಮಾತಿಲ್ಲದೆ ಪಾಲಿಸುತ್ತಿದ್ದ ಕಟ್ಟಳೆ ಅದು. ಹೊರಗುಳಿದವರು 1920ರಿಂದ ತಮ್ಮದೇ ‘ನೀಗ್ರೋ ಲೀಗ್’ಗಳನ್ನು ಕಟ್ಟಿಕೊಂಡಿದ್ದರು. ಹಗಲು ಆಟ, ರಾತ್ರಿ ಬಸ್ಸಿನಲ್ಲಿ ಪ್ರಯಾಣ. ಎಷ್ಟೋ ಊರುಗಳಲ್ಲಿ ಹೋಟೆಲಿನವರು ಒಳಗೆ ಬಿಡುತ್ತಿರಲಿಲ್ಲ. ಪೇಜ್ ಬರ್ಮಿಂಗ್‌ಹ್ಯಾಮ್, ಪಿಟ್ಸ್‌ಬರ್ಗ್, ಕಾನ್ಸಸ್ ಸಿಟಿ ತಂಡಗಳಿಗೆ ಆಡಿದ. 1937ರಲ್ಲಿ ಡೊಮಿನಿಕನ್ ಗಣರಾಜ್ಯಕ್ಕೂ ಹೋಗಿ ಎಸೆದು ಬಂದ. ಋತು ಮುಗಿದ ಮೇಲೆ ನಡೆಯುತ್ತಿದ್ದ ಪ್ರದರ್ಶನ ಪಂದ್ಯಗಳಲ್ಲಿ ಡಿಜ್ಜಿ ಡೀನ್, ಬಾಬ್ ಫೆಲ್ಲರ್‌ರಂಥ ಬಿಳಿಯ ತಾರೆಗಳ ತಂಡಗಳನ್ನು ಎದುರಿಸಿದ. ಆತ ಯಾರಿಗೂ ಕಡಿಮೆಯಿಲ್ಲವೆಂಬುದು ಅಲ್ಲಿ ಎಲ್ಲರ ಕಣ್ಣಿಗೂ ಬಿದ್ದಿತ್ತು. ಆದರೆ ದಾಖಲೆ ಪುಸ್ತಕಕ್ಕೆ ಅದಾವುದೂ ಸೇರಲಿಲ್ಲ.

1947ರಲ್ಲಿ ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರ ಆಡಿ ವರ್ಣಭೇದದ ಗೋಡೆ ಒಡೆದ. ಎರಡು ವರ್ಷ ಹಿಂದೆ ಆತ ಕಾನ್ಸಸ್ ಸಿಟಿ ತಂಡದಲ್ಲಿ ಪೇಜ್‌ನ ಸಂಗಡಿಗನಾಗಿದ್ದವನು. ಪೇಜ್‌ಗೆ ಕರೆ ಬಂದದ್ದು ಮರುವರ್ಷ, 42ನೆಯ ಹುಟ್ಟುಹಬ್ಬದ ಹೊತ್ತಿಗೆ. ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ ಮಾಲೀಕ ಬಿಲ್ ವೀಕ್ ಆತನನ್ನು ಸೇರಿಸಿಕೊಂಡಾಗ, ಇದು ಬರೀ ಪ್ರಚಾರದ ಗಿಮಿಕ್ಕು ಎಂದು ಆಡಿಕೊಂಡವರಿದ್ದರು. ಪೇಜ್ ಅರ್ಧ ಋತುವಿನಲ್ಲಿ 6 ಗೆಲುವು, 1 ಸೋಲಿನ ಲೆಕ್ಕ ತೋರಿಸಿ ಅವರ ಬಾಯಿ ಮುಚ್ಚಿಸಿದ. ಆ ವರ್ಷದ ವಿಶ್ವ ಸರಣಿಯನ್ನು ಕ್ಲೀವ್‌ಲ್ಯಾಂಡ್ ಗೆದ್ದಿತು. ಅದರಲ್ಲಿ ಚೆಂಡೆಸೆದ ಮೊದಲ ಕಪ್ಪು ಪಿಚರ್ ಎಂಬ ಹೆಸರೂ ಆತನದಾಯಿತು.

1951ರಲ್ಲಿ ವೀಕ್ ಬ್ರೌನ್ಸ್ ತಂಡವನ್ನು ಕೊಂಡಾಗ ಪೇಜ್‌ನನ್ನೂ ಕರೆಸಿಕೊಂಡ. 1952ರಲ್ಲಿ ಆ ದುರ್ಬಲ ತಂಡಕ್ಕಾಗಿ ಪೇಜ್ 12 ಪಂದ್ಯ ಗೆದ್ದ. ಟಾಪ್ಸ್ ಕಾರ್ಡು ಬಂದದ್ದು ಅದರ ಬೆನ್ನಿಗೇ. ಅಷ್ಟು ಹೊತ್ತಿಗೆ ಆತನ ವೃತ್ತಿಜೀವನಕ್ಕೆ 27 ವರ್ಷ. ಅಧಿಕೃತ ಲೆಕ್ಕದಲ್ಲಿ ಮಾತ್ರ ಆತ 1948ರಲ್ಲಿ ಹುಟ್ಟಿದವನು. ಆ ಲೆಕ್ಕದ ಪ್ರಕಾರ ಮೇಜರ್ ಲೀಗ್‌ಗಳಲ್ಲಿ ಆತನ ಒಟ್ಟು ಸಾಧನೆ 28 ಗೆಲುವು, 31 ಸೋಲು. ಇಷ್ಟನ್ನೇ ಓದಿದವರಿಗೆ ಆತ ಸಾಧಾರಣ ಪಿಚರ್ ಎನಿಸಿದರೆ ಆಶ್ಚರ್ಯವಿಲ್ಲ.

1965ರ ಸೆಪ್ಟೆಂಬರ್ 25ರಂದು, 59ರ ವಯಸ್ಸಿನಲ್ಲಿ, ಪೇಜ್ ಕಾನ್ಸಸ್ ಸಿಟಿ ಅಥ್ಲೆಟಿಕ್ಸ್ ಪರ ಕೊನೆಯ ಬಾರಿ ಕಣಕ್ಕಿಳಿದ. ಜನರ ವಿನೋದಕ್ಕೆಂದು ಮೈದಾನದಂಚಿನಲ್ಲಿ ಆತನಿಗೊಂದು ತೂಗುಕುರ್ಚಿ ಹಾಕಿಸಿದ್ದರು. ಆತ ಎಸೆದ ಮೂರು ಇನಿಂಗ್ಸ್‌ಗಳಲ್ಲಿ ಬಾಸ್ಟನ್ ತಂಡಕ್ಕೆ ಸಿಕ್ಕಿದ್ದು ಒಂದೇ ಹಿಟ್, ರನ್ ಇಲ್ಲ! ಇಂಥವನಿಗೂ ಪಿಂಚಣಿಗೆ ಬೇಕಾದಷ್ಟು ಸೇವಾದಿನಗಳು ಇರಲಿಲ್ಲ. 1968ರಲ್ಲಿ ಅಟ್ಲಾಂಟಾ ಬ್ರೇವ್ಸ್ ತಂಡ ಆತನನ್ನು ಸೇರಿಸಿಕೊಂಡು ಆ ಕೊರತೆ ತುಂಬಿತು.

ಮುಖ್ಯ ಪ್ರಶ್ನೆ ಎತ್ತಿದವನು ಬಿಳಿಯ ಆಟಗಾರ ಟೆಡ್ ವಿಲಿಯಮ್ಸ್. 1966ರಲ್ಲಿ ತನಗೆ ‘ಹಾಲ್ ಆಫ್ ಫೇಮ್’ ಗೌರವ ಸಂದ ವೇದಿಕೆಯಲ್ಲೇ ಆತ ಪೇಜ್‌ನಂಥವರಿಗೂ ಅಲ್ಲಿ ಸ್ಥಾನ ಸಿಗಬೇಕೆಂದ. 1971ರಲ್ಲಿ ಪೇಜ್ ಆಯ್ಕೆಯಾದಾಗ ನೀಗ್ರೋ ಲೀಗ್ ಆಟಗಾರರಿಗೆ ಪ್ರತ್ಯೇಕ ವಿಭಾಗ ಮಾಡುವ ಯೋಚನೆಯಿತ್ತು. ಗೌರವಿಸುವಾಗಲೂ ಬೇರೆ ಪಂಕ್ತಿಯೇ ಎಂದು ಟೀಕೆ ಬಂದ ಮೇಲೆ ಅದನ್ನು ಕೈಬಿಟ್ಟು ಎಲ್ಲರ ಸಾಲಿನಲ್ಲೇ ಸೇರಿಸಲಾಯಿತು. ಪೇಜ್ 1982ರಲ್ಲಿ ತೀರಿಕೊಂಡ.

2020ರ ಡಿಸೆಂಬರ್‌ನಲ್ಲಿ 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗ್‌ಗಳಿಗೆ ಮೇಜರ್ ಲೀಗ್ ಮಾನ್ಯತೆ ದೊರೆಯಿತು. 2024ರಲ್ಲಿ ಅವುಗಳ ಅಂಕಿಅಂಶಗಳು ಅಧಿಕೃತ ದಾಖಲೆಗೆ ಸೇರಿದವು. ಊರೂರು ಸುತ್ತಿ ಆಡಿದ ಪ್ರದರ್ಶನ ಪಂದ್ಯಗಳು ಈಗಲೂ ಆ ಲೆಕ್ಕದಲ್ಲಿಲ್ಲ. ಕಾರ್ಡಿನ ಮೇಲಿನ ಹೆಚ್ಚುವರಿ ಅಕ್ಷರವನ್ನು ಇನ್ನು ಯಾರೂ ತಿದ್ದುವಂತಿಲ್ಲ. ದಾಖಲೆಯಲ್ಲಿ ಬಿಟ್ಟುಹೋಗಿದ್ದ ವರ್ಷಗಳು ಮಾತ್ರ, ಆತ ಸತ್ತು ನಾಲ್ಕು ದಶಕ ಕಳೆದ ಮೇಲೆ, ಒಂದಿಷ್ಟು ಸರಿಹೋಗಿವೆ.