ಮೆದಕ್ ಚರ್ಚಿನ ಬಣ್ಣದ ಗಾಜಿನ ಕಿಟಕಿಗಳು

ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಊರಿನಿಂದ ಬಂದ ನೆಂಟರಿಗೆ ಚಾರ್‌ಮಿನಾರ್, ಗೋಲ್ಕೊಂಡ, ಸಾಲಾರ್‌ಜಂಗ್ ವಸ್ತುಸಂಗ್ರಹಾಲಯಗಳನ್ನು ತೋರಿಸುವುದು ವಾಡಿಕೆ. ನಗರದಿಂದ ಸುಮಾರು 100 ಕಿಲೋಮೀಟರ್ ದೂರದ ಮೆದಕ್ ಪಟ್ಟಣದ ಕ್ಯಾಥೆಡ್ರಲ್‌ವರೆಗೆ ಅವರನ್ನು ಕರೆದೊಯ್ಯುವವರು ಕಡಿಮೆ. ಬ್ರಿಟನ್ನಿನ ಹೆಸರಾಂತ ಚಿತ್ರಕಾರ ಫ್ರಾಂಕ್ ಸಾಲಿಸ್‌ಬರಿ ರೂಪಿಸಿದ ಮೂರು ಬಣ್ಣದ ಗಾಜಿನ ಕಿಟಕಿಗಳು ಅಲ್ಲಿವೆ. ಹಸಿದ ಜನರ ದುಡಿಮೆಯಿಂದ ಮೇಲೆದ್ದ ಆ ಕಟ್ಟಡದ ಕಿರುಪರಿಚಯವನ್ನು ಇಲ್ಲಿ ಮಾಡಿಕೊಡುತ್ತಿದ್ದೇವೆ.

ಅಗುಳಿನ ಹೆಸರಿನ ಊರು

ಮೆದಕ್ ಎಂಬ ಹೆಸರು ತೆಲುಗಿನ ‘ಮೆತುಕು’ ಎಂಬ ಪದದಿಂದ ಬಂದಿತೆಂದು ಹೇಳುತ್ತಾರೆ. ಮೆತುಕು ಎಂದರೆ ಅನ್ನದ ಅಗುಳು. ಇಂಥ ಹೆಸರಿನ ಸೀಮೆಯನ್ನೂ ಬರಗಾಲ ಬಿಡಲಿಲ್ಲ. ವೆಸ್ಲಿಯನ್ ಮೆಥಡಿಸ್ಟ್ ಪಂಥದ ಪಾದ್ರಿ ಚಾರ್ಲ್ಸ್ ವಾಕರ್ ಪೋಸ್ನೆಟ್ 1895ರಲ್ಲಿ ಸಿಕಂದರಾಬಾದಿಗೆ ಬಂದು, ಮರುವರ್ಷ ಮೆದಕ್ ತಲುಪಿದರು. ಬರದಿಂದ ಕಂಗೆಟ್ಟ ಸುತ್ತಲಿನ ಹಳ್ಳಿಗಳ ಜನರಿಗೆ ಕೆಲಸ ಕೊಟ್ಟು, ಅದಕ್ಕೆ ಪ್ರತಿಯಾಗಿ ಊಟ ನೀಡುವ ಏರ್ಪಾಡಿನಲ್ಲಿ ಅವರು ಚರ್ಚು ಕಟ್ಟಿಸಿದರು. ಮುಂದೆ ನಮ್ಮಲ್ಲಿ ‘ಕೂಲಿಗಾಗಿ ಕಾಳು’ ಎಂದು ಹೆಸರಾದ ಪದ್ಧತಿಯೂ ಇದೇ ಬಗೆಯದು. 1914ರಲ್ಲಿ ಆರಂಭವಾದ ಕೆಲಸ ಹತ್ತು ವರ್ಷ ನಡೆದು, 1924ರ ಡಿಸೆಂಬರ್ 25ರಂದು ಚರ್ಚಿನ ಪ್ರತಿಷ್ಠೆಯಾಯಿತು. ಅದರ ಶತಮಾನೋತ್ಸವ 2024ರಲ್ಲಿ ನೆರವೇರಿತು.

1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಬೀದರ್, ಕಲಬುರ್ಗಿ, ರಾಯಚೂರು ಜಿಲ್ಲೆಗಳೂ ಮೆದಕ್ ಜಿಲ್ಲೆಯೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಕಡೆಯಿಂದ ಬಂದ ನಮ್ಮ ಹಿರಿಯರಿಗೆ ಬರಗಾಲ ಅಪರಿಚಿತವೇನಲ್ಲ. ಆದ್ದರಿಂದ ಈ ಕಟ್ಟಡದ ಕಥೆಯನ್ನು ಪರರ ಕಥೆಯೆಂದು ನಾವು ಎಣಿಸಬೇಕಾಗಿಲ್ಲ.

ಕಟ್ಟಡ

ವಾಸ್ತುಶಿಲ್ಪಿ ಥಾಮಸ್ ಎಡ್ವರ್ಡ್ ಹಾರ್ಡಿಂಗ್ ಇದನ್ನು ಯುರೋಪಿನ ಗಾಥಿಕ್ ಶೈಲಿಯಲ್ಲಿ ರೂಪಿಸಿದರು. ಉದ್ದ 200 ಅಡಿ, ಅಗಲ 100 ಅಡಿ, ಗೋಪುರದ ಎತ್ತರ 175 ಅಡಿ. ಒಳಗೆ ಸುಮಾರು 5,000 ಜನ ಸೇರಬಹುದು. ನೆಲದ ಹಾಸಿಗೆ ಬ್ರಿಟನ್ನಿನಿಂದ ಬಿಲ್ಲೆಗಳನ್ನು ತರಿಸಲಾಯಿತು. ಅವನ್ನು ಜೋಡಿಸಿದವರು ಇಟಲಿಯ ಕುಶಲಕರ್ಮಿಗಳು. 1947ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಸಭೆಯ ಮೆದಕ್ ಧರ್ಮಪ್ರಾಂತಕ್ಕೆ ಇದೇ ಪ್ರಧಾನ ದೇವಾಲಯ.

ಕಲಾವಿದ ಮತ್ತು ಕಿಟಕಿಗಳು

ಕಲಾವಿದನೊಬ್ಬ ರೂಪಿಸಿದ ಪ್ರಾರ್ಥನಾ ಮಂದಿರವೆಂದರೆ ಕಲಾಸಕ್ತರಿಗೆ ನೆನಪಾಗುವುದು ಫ್ರಾನ್ಸಿನ ವಾನ್ಸ್ ಪಟ್ಟಣದಲ್ಲಿರುವ, 1951ರಲ್ಲಿ ಪ್ರತಿಷ್ಠೆಗೊಂಡ ಹೆನ್ರಿ ಮಾತಿಸ್‌ರ ಚಾಪೆಲ್. ಅಲ್ಲಿ ಕಿಟಕಿಯ ಗಾಜಿನಿಂದ ಪಾದ್ರಿಗಳ ನಿಲುವಂಗಿಯವರೆಗೆ ಎಲ್ಲವೂ ಆ ಒಬ್ಬರ ಕಲ್ಪನೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಮಾಳಿಗೆಗಳನ್ನು ಇಟಲಿಯ ಆಂಟೋನಿಯೊ ಮೊಸ್ಕೇನಿ ಚಿತ್ರಗಳಿಂದ ತುಂಬಿಸಿದ್ದು ಕನ್ನಡಿಗರಿಗೆ ತಿಳಿದದ್ದೇ. ಮೆದಕ್‌ನಲ್ಲಿ ಕಲಾವಿದರ ಪಾಲು ಕಿಟಕಿಗಳಿಗೆ ಸೀಮಿತ. ಆದರೂ ಒಳಗೆ ಕಾಲಿಟ್ಟವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಫ್ರಾಂಕ್ ಸಾಲಿಸ್‌ಬರಿ (1874–1962) ಹದಿಹರೆಯದಲ್ಲೇ ತಮ್ಮ ಅಣ್ಣನ ಬಣ್ಣದ ಗಾಜಿನ ಕಾರ್ಯಾಗಾರದಲ್ಲಿ ಕೆಲಸ ಕಲಿತವರು. ಮುಂದೆ ಬ್ರಿಟನ್ನಿನ ರಾಜಮನೆತನದವರ, ವಿನ್‌ಸ್ಟನ್ ಚರ್ಚಿಲ್ಲರ, ಅಮೆರಿಕದ ಹಲವು ಅಧ್ಯಕ್ಷರ ಭಾವಚಿತ್ರಗಳನ್ನು ಬರೆದು ಪ್ರಸಿದ್ಧರಾದರು. ತಾವೂ ಮೆಥಡಿಸ್ಟ್ ಪಂಥದವರು. ಮಾತಿಸ್‌ರ ಸಮಕಾಲೀನರಾದರೂ ನವ್ಯಕಲೆಯ ದಾರಿ ಅವರಿಗೆ ಒಗ್ಗಲಿಲ್ಲ. ವ್ಯಕ್ತಿಗಳನ್ನು ಸ್ಪಷ್ಟವಾಗಿ, ಕಥೆ ತಿಳಿಯುವಂತೆ ಚಿತ್ರಿಸುವುದೇ ಅವರ ರೀತಿ.

ಬಲಿಪೀಠದ ಹಿಂದಿನ ಕಿಟಕಿಯಲ್ಲಿ ಕ್ರಿಸ್ತನ ಸ್ವರ್ಗಾರೋಹಣವಿದೆ. ಅದರ ಕಾಲ 1927. ಕ್ರಿಸ್ತನ ಜನನದ ಕಿಟಕಿ 1947ರದು, ಶಿಲುಬೆಯ ಮರಣದ ಕಿಟಕಿ 1958ರದು. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಮೂವತ್ತೊಂದು ವರ್ಷ. ಅಷ್ಟರಲ್ಲಿ ನಿಜಾಮರ ಆಳ್ವಿಕೆ ಮುಗಿದು, ಹೈದರಾಬಾದ್ ರಾಜ್ಯವೂ ಇಲ್ಲವಾಗಿತ್ತು.

ಇವು ಗಾಜಿನ ಮೇಲೆ ಸುಮ್ಮನೆ ಬಣ್ಣ ಬಳಿದ ಚಿತ್ರಗಳಲ್ಲ. ಗಾಜು ಕರಗಿರುವಾಗಲೇ ಲೋಹದ ಆಕ್ಸೈಡುಗಳನ್ನು ಬೆರೆಸಿ ಅದಕ್ಕೆ ಬಣ್ಣ ಬರಿಸುತ್ತಾರೆ. ನಂತರ ಮಾದರಿಗೆ ತಕ್ಕಂತೆ ಚೂರುಗಳನ್ನು ಕತ್ತರಿಸಿ, ಮುಖದ ಗೆರೆ, ಬಟ್ಟೆಯ ಮಡಿಕೆಗಳನ್ನು ಕಪ್ಪು ಬಣ್ಣದಲ್ಲಿ ಬರೆದು ಕುಲುಮೆಯಲ್ಲಿ ಸುಡುತ್ತಾರೆ. ಕೊನೆಗೆ ಸೀಸದ ಪಟ್ಟಿಗಳಿಂದ ಎಲ್ಲವನ್ನೂ ಬೆಸೆಯುತ್ತಾರೆ. ಹಗಲಿನಲ್ಲಿ ಹೊರಗಿನಿಂದ ನೋಡಿದರೆ ಕಿಟಕಿ ಮಂಕಾಗಿ ಕಾಣುತ್ತದೆ. ಒಳಗೆ ನಿಂತು, ಹೊರಗಿನ ಬೆಳಕು ಗಾಜನ್ನು ಹಾದು ಬರುವಾಗ ನೋಡಿದರೆ ಮಾತ್ರ ಚಿತ್ರ ಅರಳುತ್ತದೆ.

ಹೋಗುವವರಿಗೆ

ಆದುದರಿಂದ ಬಿಸಿಲಿರುವ ಹೊತ್ತಿನಲ್ಲೇ ಹೋಗಬೇಕು. ಸಂಜೆಗತ್ತಲಲ್ಲಿ ಹೋದರೆ ಶ್ರಮ ವ್ಯರ್ಥ. ಬಾಲಾನಗರದ ಕಡೆಯಿಂದ ನರಸಾಪುರದ ಕಾಡನ್ನು ಹಾದು ರಸ್ತೆಯಿದೆ. 2022ರಲ್ಲಿ ಮೆದಕ್‌ಗೆ ರೈಲುಮಾರ್ಗವೂ ತೆರೆದು, ನಮ್ಮವರಿಗೆ ಚಿರಪರಿಚಿತವಾದ ಕಾಚಿಗುಡದಿಂದ ರೈಲು ಸಂಚಾರ ಆರಂಭವಾಯಿತು. ಹೊರಡುವ ಮುನ್ನ ವೇಳೆಯನ್ನು ವಿಚಾರಿಸಿಕೊಳ್ಳುವುದು ಒಳಿತು. ಕ್ರಿಸ್‌ಮಸ್ ದಿನಗಳಲ್ಲಿ ವಿಪರೀತ ಜನಸಂದಣಿ, ಭಾನುವಾರ ಆರಾಧನೆಯಿರುತ್ತದೆ. ಕಿಟಕಿಗಳನ್ನು ನಿಧಾನವಾಗಿ ನೋಡಬಯಸುವವರಿಗೆ ವಾರದ ಉಳಿದ ದಿನಗಳೇ ಅನುಕೂಲ. ಒಳಗೆ ಮೌನ ಪಾಲಿಸಿ, ಛಾಯಾಚಿತ್ರ ತೆಗೆಯುವ ಮುನ್ನ ಅಲ್ಲಿಯವರ ಅನುಮತಿ ಪಡೆಯಬೇಕೆಂದು ಕೋರುತ್ತೇವೆ.

ಸಮಯವಿದ್ದರೆ ಊರಿನ ಬೆಟ್ಟದ ಮೇಲಿನ ಹಳೆಯ ಕೋಟೆಯನ್ನೂ ಹತ್ತಬಹುದು. ಮಕ್ಕಳು ಜೊತೆಗಿದ್ದರೆ ಮೊದಲು ಗೋಪುರವನ್ನು ತೋರಿಸಿ, ಇದರ ಕಲ್ಲು ಹೊತ್ತವರಿಗೆ ಸಿಕ್ಕ ಕೂಲಿ ಆ ದಿನದ ಊಟವೆಂದು ತಿಳಿಸಿ. ಆಮೇಲೆ ಒಳಗೆ ಕರೆದೊಯ್ದು ಕಿಟಕಿಗಳನ್ನು ತೋರಿಸಿ.