ಫೋನಿನಲ್ಲಿ ಅಳಿಸಿದ್ದು ಎಲ್ಲಿ ಹೋಗುತ್ತದೆ?

ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಲಿಂಗನಮಕ್ಕಿಯ ಹಿನ್ನೀರು ಇಳಿದಾಗ ಸಾಗರದ ಕಡೆಯ ಜನ ಒಂದು ಹಳೆಯ ಅಣೆಕಟ್ಟನ್ನು ನೋಡಲು ಹೋಗುತ್ತಾರೆ. ಅದು ಹಿರೇಭಾಸ್ಕರ ಅಣೆಕಟ್ಟು. ಮಡೆನೂರು ಅಣೆಕಟ್ಟು ಎಂದೂ ಕರೆಯುವುದುಂಟು. 1948ರಲ್ಲಿ ಆರಂಭವಾದ, ಈಗ ಮಹಾತ್ಮ ಗಾಂಧಿಯವರ ಹೆಸರಿನಲ್ಲಿರುವ ಜೋಗದ ವಿದ್ಯುತ್ ಕೇಂದ್ರಕ್ಕೆ ನೀರು ಕೂಡಿಡಲು ಅದನ್ನು ಕಟ್ಟಿದ್ದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು 1819 ಅಡಿ ಮಟ್ಟದವರೆಗೆ ಸುಮಾರು 152 ಟಿಎಂಸಿ ಅಡಿ ನೀರು ನಿಲ್ಲುವಂತಾದಾಗ ಹಳೆಯದು ನೀರಿನಡಿಯಾಯಿತು. ಬಳಕೆಯ ಪಟ್ಟಿಯಿಂದ ಅದರ ಹೆಸರು ಹೋಯಿತೇ ಹೊರತು ಕಟ್ಟೆ ಅಲ್ಲಿಯೇ ಇದೆ. ನೀರು ಇಳಿದರೆ ಕಾಣುತ್ತದೆ.

ಸ್ಮಾರ್ಟ್‌ಫೋನಿನ ಕುರಿತ ಲೇಖನದಲ್ಲಿ ಈ ಮಾತೇಕೆ ಎಂದು ನೀವು ಕೇಳಬಹುದು. ಹಿನ್ನೀರಿನ ಆಚೆಯ ಶಾಲೆಯೊಂದರ ಶಿಕ್ಷಕಿಯೊಬ್ಬರು ತರಬೇತಿ ಶಿಬಿರದ ಬಿಡುವಿನಲ್ಲಿ ನನ್ನ ಬಳಿ ಬಂದು, "ಸರ್, ನೀವು ಭೌತವಿಜ್ಞಾನದವರು, ಅಳಿಸಿ ಹೋದದ್ದನ್ನು ಫೋನಿನಿಂದ ತೆಗೆಯಲು ಬರುತ್ತದೆಯೇ?" ಎಂದರು. ಅವರ ಅಜ್ಜಿಗೆ ಎಂಬತ್ತು ದಾಟಿದೆ. ಅಜ್ಜಿಯ ತವರಿನವರು ಹಿರೇಭಾಸ್ಕರದ ಕಾಲದಲ್ಲಿ ಒಮ್ಮೆ ಮನೆ ಬಿಟ್ಟು ಎದ್ದವರು. ಮದುವೆಯಾಗಿ ಬಂದ ಮನೆ ಲಿಂಗನಮಕ್ಕಿಯ ಮುಳುಗಡೆಯಲ್ಲಿ ಹೋಯಿತು. ಆ ಎರಡೂ ಕತೆಯನ್ನು ಅಜ್ಜಿ ಹೇಳಿದ್ದನ್ನು ಮೊಮ್ಮಗಳು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದರು, ನಲವತ್ತು ನಿಮಿಷ. ಒಂದು ದಿನ ಫೋನು "ಸಂಗ್ರಹಣಾ ಸ್ಥಳ ತುಂಬಿದೆ" ಎಂದಿತು. ಮನೆಯ ಹುಡುಗ ಹಳೆಯ ಧ್ವನಿ ಕಡತಗಳನ್ನೆಲ್ಲ ಒಟ್ಟಿಗೆ ಅಳಿಸಿ, ಜಾಗ ಇನ್ನೂ ಸಾಲದೆಂದು ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. ಅದಾಗಿ ಎರಡು ತಿಂಗಳು ಕಳೆದಿತ್ತು.

ಜೊತೆಗೆ ಅವರು ಇನ್ನೊಂದು ವಸ್ತುವನ್ನೂ ತಂದಿದ್ದರು. 2012ರ ಸುಮಾರಿಗೆ ಬಳಸುತ್ತಿದ್ದ ಹಳೆಯ ಫೋನಿನ ಮೆಮೊರಿ ಕಾರ್ಡು. ಅದರಲ್ಲಿದ್ದ ಲಾಂಚಿನ ಚಿತ್ರಗಳನ್ನೂ ಆಗಲೇ ಜಾಗಕ್ಕಾಗಿ ಅಳಿಸಿದ್ದರಂತೆ. ಎರಡರಲ್ಲಿ ಯಾವುದು ಸಿಕ್ಕಿತು, ಯಾವುದು ಸಿಗಲಿಲ್ಲ ಎಂಬುದರ ಹಿಂದೆ ಅರ್ಧ ಶತಮಾನದ ಚರಿತ್ರೆಯಿದೆ.

ಮೊದಲು ಭೌತವಿಜ್ಞಾನ. ಫೋನಿನ ಸಂಗ್ರಹಣೆ ಎಂದರೆ ಬಂಧಿಸಿಟ್ಟ ಇಲೆಕ್ಟ್ರಾನುಗಳು. 1967ರಲ್ಲಿ ಬೆಲ್ ಪ್ರಯೋಗಾಲಯದ ಡಾವನ್ ಕಾಂಗ್ ಮತ್ತು ಸೈಮನ್ ಸ್ಝೀ ಒಂದು ಟ್ರಾನ್ಸಿಸ್ಟರಿನೊಳಗೆ ಇನ್ನೊಂದು ಪದರವನ್ನು ಸೇರಿಸಿದರು. ಅದರ ಸುತ್ತ ಎಲ್ಲ ಕಡೆ ಅವಾಹಕ; ಯಾವ ತಂತಿಯೂ ಅದಕ್ಕೆ ತಾಗುವುದಿಲ್ಲ. ಅದನ್ನು ತೇಲುವ ದ್ವಾರ ಎನ್ನೋಣ. ಮಧ್ಯಾಹ್ನದ ಊಟದ ಕೊನೆಗೆ ತಿಂದ ಪದರಪದರದ ಕೇಕಿನಿಂದ ಈ ಕಲ್ಪನೆ ಹೊಳೆಯಿತೆಂದು ಸ್ಝೀ ಮುಂದೆ ಹೇಳಿಕೊಂಡಿದ್ದಾರೆ. ತೇಲುವ ದ್ವಾರದಲ್ಲಿ ಇಲೆಕ್ಟ್ರಾನುಗಳಿದ್ದರೆ ಟ್ರಾನ್ಸಿಸ್ಟರು ವಹನಕ್ಕೆ ತೊಡಗಬೇಕಾದ ವೋಲ್ಟೇಜು ಬದಲಾಗುತ್ತದೆ. ಅದನ್ನು ಅಳೆದರೆ ಅಲ್ಲಿರುವುದು 0ಯೋ 1ಯೋ ತಿಳಿಯುತ್ತದೆ. ವಿದ್ಯುತ್ತು ನಿಲ್ಲಿಸಿದರೂ ಅವು ವರ್ಷಗಟ್ಟಲೆ ಅಲ್ಲಿಯೇ ಇರುತ್ತವೆ.

ಅವಾಹಕವನ್ನು ದಾಟಿ ಅವು ಒಳಗೆ ಹೋಗುವುದು ಹೇಗೆ? ಪ್ರಬಲ ವಿದ್ಯುತ್ ಕ್ಷೇತ್ರದಲ್ಲಿ ಇಲೆಕ್ಟ್ರಾನು ತಾನು ಏರಲಾಗದ ತಡೆಯನ್ನು ಸುರಂಗ ಕೊರೆದಂತೆ ದಾಟಬಲ್ಲದೆಂದು 1928ರಲ್ಲಿ ಫೌಲರ್ ಮತ್ತು ನಾರ್ಡ್‌ಹೀಮ್ ಲೋಹಗಳ ವಿಷಯದಲ್ಲಿ ತೋರಿಸಿದ್ದರು. ಬಿ.ಎಸ್‌ಸಿ. ತರಗತಿಯಲ್ಲಿ "ಇದರಿಂದೇನು ಉಪಯೋಗ?" ಎಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಅವರ ಕಿಸೆಯನ್ನೇ ತೋರಿಸುವುದು ರೂಢಿ.

ಬರೆಯುವುದು ಹೀಗೆ ಸಾಧ್ಯವಾಯಿತು. ಕಷ್ಟ ಬಂದದ್ದು ಅಳಿಸುವುದರಲ್ಲಿ. 1971ರಲ್ಲಿ ಇಂಟೆಲ್‌ನ ಡೋವ್ ಫ್ರೋಮನ್ ತಯಾರಿಸಿದ ಸ್ಮೃತಿ ಚಿಪ್ಪಿಗೆ ಸ್ಫಟಿಕದ ಒಂದು ಕಿಟಕಿಯಿತ್ತು. ಅದರ ಮೂಲಕ ಕೆಲವು ನಿಮಿಷ ಅತಿನೇರಳೆ ಬೆಳಕು ಬಿಟ್ಟರೆ ಇಲೆಕ್ಟ್ರಾನುಗಳು ಶಕ್ತಿ ಪಡೆದು ಹೊರಬೀಳುತ್ತಿದ್ದವು. ಅಳಿಸಿದರೆ ಪೂರ್ತಿ ಚಿಪ್ಪು ಅಳಿಯುತ್ತಿತ್ತು. ಮುಂದೆ ವಿದ್ಯುತ್ತಿನಿಂದಲೇ ಒಂದೊಂದು ಬೈಟನ್ನು ಅಳಿಸುವ ಚಿಪ್ಪುಗಳು ಬಂದವಾದರೂ ಪ್ರತಿ ಕೋಶಕ್ಕೂ ಎರಡು ಟ್ರಾನ್ಸಿಸ್ಟರು ಬೇಕಾಗಿ ಅವು ದುಬಾರಿಯಾದವು. ಜಪಾನಿನ ತೋಶಿಬಾದಲ್ಲಿದ್ದ ಫುಜಿಯೊ ಮಸುವೊಕ ಇಲ್ಲಿ ಒಂದು ರಾಜಿ ಮಾಡಿಕೊಂಡರು: ಒಂದೊಂದೇ ಬೈಟನ್ನು ಅಳಿಸುವ ಹಟ ಬೇಡ, ಕೋಶಗಳ ದೊಡ್ಡ ಗುಂಪೊಂದನ್ನು ಒಂದೇ ಏಟಿಗೆ ಅಳಿಸೋಣ; ಆಗ ಕೋಶಕ್ಕೆ ಒಂದು ಟ್ರಾನ್ಸಿಸ್ಟರು ಸಾಕು. 1984ರಲ್ಲಿ ಅವರು ಇದನ್ನು ಪ್ರಕಟಿಸಿದರು. ಕ್ಯಾಮೆರಾದ ಮಿಂಚಿನಂತೆ ಕ್ಷಣದಲ್ಲಿ ಅಳಿಸುತ್ತದೆಂದು ಸಹೋದ್ಯೋಗಿ ಶೋಜಿ ಅರಿಯಿಝುಮಿ "ಫ್ಲ್ಯಾಶ್" ಎಂಬ ಹೆಸರು ಸೂಚಿಸಿದರು. 1987ರಲ್ಲಿ ಬಂದ ಇದರ ನ್ಯಾಂಡ್ ರೂಪವೇ ಇಂದು ನಿಮ್ಮ ಫೋನಿನಲ್ಲಿರುವುದು. ಹೆಸರೇ ಅಳಿಸುವುದರಿಂದ ಬಂದದ್ದು ಎಂಬುದನ್ನು ಗಮನಿಸಿ.

ಆ ರಾಜಿಯ ಬೆಲೆಯನ್ನು ನಾವು ಇಂದಿಗೂ ಕಟ್ಟುತ್ತಿದ್ದೇವೆ. ಒಂದಕ್ಷರವನ್ನು ಉಜ್ಜಲು ಬಾರದ, ಒರೆಸಿದರೆ ಇಡೀ ಸ್ಲೇಟನ್ನೇ ಒರೆಸಬೇಕಾದ ಒಂದು ಸ್ಲೇಟನ್ನು ಊಹಿಸಿಕೊಳ್ಳಿ. ಅದರಲ್ಲಿ ಎರಡು ಸಾಲು ಬೇಡ, ಹತ್ತು ಸಾಲು ಬೇಕು. ಬೇಕಾದ ಹತ್ತನ್ನು ಬೇರೆ ಖಾಲಿ ಸ್ಲೇಟಿಗೆ ನಕಲು ಮಾಡಿ ಆಮೇಲೆ ಮೊದಲನೆಯದನ್ನು ಒರೆಸಬೇಕು. ಫೋನಿನೊಳಗಿನ ನಿಯಂತ್ರಕ ಹಗಲಿರುಳು ಮಾಡುವ ಕೆಲಸ ಇದೇ. ಖಾಲಿ ಸ್ಲೇಟುಗಳೇ ಉಳಿಯದಿದ್ದರೆ ಒಂದು ಚಿತ್ರ ಉಳಿಸಲೂ ಅದು ಪರದಾಡುತ್ತದೆ. ತುಂಬಿದ ಫೋನು ನಿಧಾನವಾಗುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೊಂದು. ಒಂದಷ್ಟು ಭಾಗವನ್ನು ಯಾವಾಗಲೂ ಬರಿದಾಗಿಡಿ ಎನ್ನುವ ಸಲಹೆಯ ಮೂಲವೂ ಇಲ್ಲಿದೆ. ಪ್ರತಿ ಸಲ ಒರೆಸಿದಾಗಲೂ ಅವಾಹಕ ಪದರ ಒಂದಿಷ್ಟು ಸವೆಯುತ್ತದೆ ಎಂಬುದು ಬೇರೆ.

ಇನ್ನು, ನೀವು "ಅಳಿಸು" ಒತ್ತಿದಾಗ ಆಗುವುದೇನು? ಬಹುಕಾಲ, ಏನೂ ಆಗುತ್ತಿರಲಿಲ್ಲ ಎಂದರೂ ತಪ್ಪಿಲ್ಲ. ಮೆಮೊರಿ ಕಾರ್ಡುಗಳಲ್ಲಿ ಬಳಕೆಯಲ್ಲಿರುವ ಫ್ಯಾಟ್ ಎಂಬ ಕಡತ ವ್ಯವಸ್ಥೆ 1977ರಷ್ಟು ಹಳೆಯದು. ಅದರಲ್ಲಿ ಕಡತವೊಂದನ್ನು ಅಳಿಸಿದರೆ ಪಟ್ಟಿಯಲ್ಲಿ ಅದರ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಗುರುತು ಬೀಳುತ್ತದೆ. ಅದು ಕುಳಿತಿದ್ದ ಜಾಗ ಖಾಲಿಯೆಂದು ಲೆಕ್ಕಕ್ಕೆ ಸೇರುತ್ತದೆ. ಒಳಗಿನ ಮಾಹಿತಿ, ಅದರ ಮೇಲೆ ಬೇರೆಯದನ್ನು ಬರೆಯುವವರೆಗೆ, ಹಾಗೆಯೇ ಇರುತ್ತದೆ. ಅಂದರೆ ಹಿರೇಭಾಸ್ಕರ! 1982ರಲ್ಲೇ ಪೀಟರ್ ನಾರ್ಟನ್ ಅಳಿಸಿದ ಕಡತವನ್ನು ಮರಳಿ ತರುವ ತಂತ್ರಾಂಶವನ್ನು ಮಾರತೊಡಗಿದ್ದರು.

ಆಂಡ್ರಾಯ್ಡ್ ಫೋನುಗಳ ಆರಂಭವೂ ಇಂಥದೇ ಇಕ್ಕಟ್ಟಿನಲ್ಲಿ ಆಯಿತು. 2008ರಲ್ಲಿ ಬಂದ ಮೊದಲ ಫೋನು ಎಚ್‌ಟಿಸಿ ಡ್ರೀಮ್‌ನ ಆಂತರಿಕ ಸಂಗ್ರಹಣೆ 256 ಮೆಗಾಬೈಟು. ಆನ್ವಯಿಕ ತಂತ್ರಾಂಶಗಳೆಲ್ಲ ಅಲ್ಲಿಯೇ ಇರಬೇಕಿತ್ತು. ಅವನ್ನು ಕಾರ್ಡಿಗೆ ಸಾಗಿಸಲು ಅವಕಾಶ ಸಿಕ್ಕಿದ್ದು 2010ರ 2.2 ಆವೃತ್ತಿಯಲ್ಲಿ. ಮುಂದಿನ ವರ್ಷಗಳಲ್ಲಿ ಕಾರ್ಡಿನ ವಿಷಯದಲ್ಲಿ ಗೂಗಲ್ ಒಮ್ಮೆ ಹಿಡಿದೆಳೆದು ಒಮ್ಮೆ ಸಡಿಲಿಸಿತು. ಆ ವಿವರ ಇಲ್ಲಿ ಬೇಡ.

ನಮ್ಮ ಕತೆಗೆ ಬೇಕಾದ ತಿರುವು 2013ರದು. ಅಲ್ಲಿಯವರೆಗೆ ಅನೇಕ ಫೋನುಗಳಲ್ಲಿ ಕಡತ ವ್ಯವಸ್ಥೆಗೆ ಯಾವುದು ಅಳಿದಿದೆ ಎಂದು ಗೊತ್ತಿರುತ್ತಿತ್ತು, ಕೆಳಗಿನ ಫ್ಲ್ಯಾಶ್ ನಿಯಂತ್ರಕಕ್ಕೆ ಗೊತ್ತಿರುತ್ತಿರಲಿಲ್ಲ. ಪಾಪ, ಅದು ಸತ್ತ ಮಾಹಿತಿಯನ್ನೂ ಬದುಕಿದೆಯೆಂದೇ ತಿಳಿದು ಒಂದು ಸ್ಲೇಟಿನಿಂದ ಇನ್ನೊಂದಕ್ಕೆ ಶ್ರದ್ಧೆಯಿಂದ ನಕಲು ಮಾಡುತ್ತಿತ್ತು. ಫೋನು ವರ್ಷದೊಳಗೆ ಮಂದವಾಗುತ್ತಿತ್ತು. 2013ರ ಜುಲೈಯಲ್ಲಿ ಬಂದ ಆಂಡ್ರಾಯ್ಡ್ 4.3ರಲ್ಲಿ ಟ್ರಿಮ್ ಎಂಬ ಆದೇಶಕ್ಕೆ ಸ್ಥಾನ ಸಿಕ್ಕಿತು. ಫೋನು ಸುಮ್ಮನಿರುವಾಗ, ಸಾಮಾನ್ಯವಾಗಿ ರಾತ್ರಿ ಚಾರ್ಜಿಗಿಟ್ಟಾಗ, "ಇಂತಿಂಥ ಜಾಗದಲ್ಲಿರುವುದು ಇನ್ನು ಬೇಡ" ಎಂದು ಕಡತ ವ್ಯವಸ್ಥೆ ನಿಯಂತ್ರಕಕ್ಕೆ ತಿಳಿಸುತ್ತದೆ. ನಿಯಂತ್ರಕ ಆ ಕೋಶಗಳನ್ನು ನಿಜವಾಗಿ ಬರಿದು ಮಾಡಿಕೊಳ್ಳುತ್ತದೆ. 2016ರ 7.0 ಆವೃತ್ತಿಯಿಂದ ಪ್ರತಿ ಕಡತವನ್ನೂ ಪ್ರತ್ಯೇಕ ಕೀಲಿಯಿಂದ ಗೂಢಲಿಪಿಗೊಳಿಸುವ ಕ್ರಮ ಬಂತು. 2019ರ ಆಂಡ್ರಾಯ್ಡ್ 10ರೊಂದಿಗೆ ಹೊರಬರುವ ಹೊಸ ಫೋನುಗಳಿಗೆಲ್ಲ ಗೂಢಲಿಪೀಕರಣ ಕಡ್ಡಾಯವಾಯಿತು. ಕಡತದ ಜೊತೆ ಕೀಲಿಯ ಗುರುತೂ ಅಳಿದ ಮೇಲೆ, ಎಲ್ಲೋ ಮೂಲೆಯಲ್ಲಿ ನಾಲ್ಕು ಬೈಟು ಉಳಿದಿದ್ದರೂ ಅದು ಬರೀ ಗದ್ದಲ. ಕಳ್ಳನ ಕೈಗೆ ಸಿಕ್ಕ ಫೋನಿನ ದೃಷ್ಟಿಯಿಂದ ಇದು ಬಹಳ ಒಳ್ಳೆಯದು. ಆದರೆ ಫೋನುಗಳು ಜಾಗ ಬಿಡಿಸಿಕೊಳ್ಳುವುದರಲ್ಲಿ ಜಾಣವಾದಷ್ಟೂ ಮರೆಯುವುದರಲ್ಲಿ ಪರಿಪೂರ್ಣವಾದವು. ಈ ಜಲಾಶಯದಲ್ಲಿ ನೀರಿಳಿದರೂ ಹಿರೇಭಾಸ್ಕರ ಕಾಣುವುದಿಲ್ಲ.

ಆ ಶಿಕ್ಷಕಿಗೆ ನಾನು ಹೇಳಬೇಕಾದದ್ದೂ ಇದನ್ನೇ. ಹಳೆಯ ಕಾರ್ಡನ್ನು ಪ್ರಯೋಗಾಲಯದ ಗಣಕಕ್ಕೆ ಹಾಕಿ ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಓಡಿಸಿದೆವು. ಕಡತಗಳ ಹೆಸರು ಹೋಗಿತ್ತು, ಕೆಲವು ಚಿತ್ರಗಳ ಕೆಳಭಾಗ ಬೂದುಬಣ್ಣದ ಪಟ್ಟಿಯಾಗಿತ್ತು. ಆದರೂ ಹೊಳೆಬಾಗಿಲಿನ ಲಾಂಚು, ಅದರ ಮೇಲೆ ನಿಂತ ಬಸ್ಸು, ಕಂಬಿ ಹಿಡಿದ ಅಜ್ಜಿ ಮರಳಿ ಬಂದರು. 2025ರ ಜುಲೈ 14ರಂದು ಅಲ್ಲಿ ಸಿಗಂದೂರಿನ ಸೇತುವೆ ಉದ್ಘಾಟನೆಯಾಗಿದೆ, ಆದ್ದರಿಂದ ಆ ಚಿತ್ರಗಳಿಗೆ ಈಗ ಬೇರೆಯೇ ಬೆಲೆ. ಹೊಸ ಫೋನಿನಿಂದ ಮಾತ್ರ ಏನೂ ಸಿಗಲಿಲ್ಲ. ಅಳಿಸಿದ್ದನ್ನು ತಂದುಕೊಡುತ್ತೇವೆ ಎನ್ನುವ ಎರಡು ತಂತ್ರಾಂಶಗಳನ್ನು ಅವರು ಅಷ್ಟರಲ್ಲಿ ಹಾಕಿಕೊಂಡಿದ್ದರು. ಅವು ಜಾಹೀರಾತಿನಿಂದ ಇದ್ದ ಜಾಗವನ್ನೂ ತಿಂದಿದ್ದವು.

ಅಷ್ಟಕ್ಕೂ ಜಾಗವನ್ನು ತುಂಬಿದ್ದು ಯಾವುದು? ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 64 ಕಿಲೊಬಿಟ್ ದರದಲ್ಲಿ ನಲವತ್ತು ನಿಮಿಷದ ಧ್ವನಿಗೆ ಬೇಕಾಗುವುದು ಸುಮಾರು 19 ಮೆಗಾಬೈಟು. ಸೆಕೆಂಡಿಗೆ 17 ಮೆಗಾಬಿಟ್ ದರದ ವಿಡಿಯೊದಲ್ಲಿ ಅದು ಒಂಬತ್ತು ಸೆಕೆಂಡು. ಕನ್ನಡದ ಬರಹವಂತೂ ಇನ್ನೂ ಹಗುರ. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು ಬೇಕು, ಇಂಗ್ಲಿಷಿಗೆ ಒಂದೇ. ಹಾಗಿದ್ದೂ ಪುಟಕ್ಕೆ 2000 ಸಂಕೇತದಂತೆ 600 ಪುಟದ ಕಾದಂಬರಿ 3.6 ಮೆಗಾಬೈಟಿನಲ್ಲಿ ಮುಗಿಯುತ್ತದೆ. ಒಂದು ಸಾಧಾರಣ ಫೋಟೊದಷ್ಟು.

ಭಾರತದ ಫೋನುಗಳು ತುಂಬಿದ್ದು ಬೇರೆಯದರಿಂದ. ಬೆಳಗಾದರೆ ಬರುವ ಹೂವು, ಸೂರ್ಯ, ದೇವರ ಚಿತ್ರದ ಶುಭೋದಯ ಸಂದೇಶಗಳು ಎಷ್ಟು ಫೋನುಗಳನ್ನು ಕಟ್ಟಿಹಾಕಿವೆ ಎಂಬುದು 2018ರ ಆರಂಭದಲ್ಲಿ ಅಮೆರಿಕದ ಪತ್ರಿಕೆಯಲ್ಲೂ ಸುದ್ದಿಯಾಯಿತು. ಅದಕ್ಕೆ ಸ್ವಲ್ಪ ಮೊದಲು, 2017ರ ಡಿಸೆಂಬರಿನಲ್ಲಿ, ಗೂಗಲ್ ಜಾಗ ಬಿಡಿಸುವ "ಫೈಲ್ಸ್ ಗೋ" ಎಂಬ ತಂತ್ರಾಂಶವನ್ನು ದೆಹಲಿಯ ಸಮಾರಂಭದಲ್ಲಿ ಬಿಡುಗಡೆ ಮಾಡಿತ್ತು. ಇಂದಿನ "ಫೈಲ್ಸ್" ಅದರದೇ ಮುಂದುವರಿಕೆ.

ಹಾಗಾಗಿ ಮುಂದಿನ ಸಲ ಫೋನು ತುಂಬಿದೆ ಎಂದಾಗ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ತೆರೆದು ಮೊದಲು ನೋಡಬೇಕಾದದ್ದು ವಾಟ್ಸ್‌ಆ್ಯಪ್‌ನ ವಿಡಿಯೊಗಳನ್ನು ಮತ್ತು ಡೌನ್‌ಲೋಡ್ ಕಡತಗಳನ್ನು. ಧ್ವನಿಯನ್ನೂ ಬರಹವನ್ನೂ ಮುಟ್ಟಿದರೆ ಸಿಗುವ ಜಾಗ ಅತ್ಯಲ್ಪ. "ಕ್ಯಾಶ್ ತೆರವು" ಒತ್ತಿದರೆ ನಷ್ಟವಿಲ್ಲ, ತಂತ್ರಾಂಶ ಬೇಕಾದಾಗ ಮತ್ತೆ ಕೂಡಿಸಿಕೊಳ್ಳುತ್ತದೆ. ಅದರ ಪಕ್ಕದಲ್ಲೇ ಇರುವ "ಡೇಟಾ ತೆರವು" ಬೇರೆ ಜಾತಿಯದು, ನಿಮ್ಮದೆನ್ನುವುದೆಲ್ಲ ಅದರಲ್ಲಿ ಹೋಗುತ್ತದೆ. ಕಸದ ಬುಟ್ಟಿಯಲ್ಲಿ ಕಡತಗಳು ಸಾಮಾನ್ಯವಾಗಿ 30 ದಿನ ಇರುತ್ತವೆ. ಇಂದಿನ ಫೋನಿನಲ್ಲಿ ನೀರಿಳಿದು ಕಾಣುವ ಕಾಲ ಅದೊಂದೇ. ಅದನ್ನು ಖಾಲಿ ಮಾಡುವ ಮೊದಲು ಬೇಕಾದದ್ದರ ಪ್ರತಿಯೊಂದು ಬೇರೆ ಕಡೆ ಇರಲಿ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸೌಲಭ್ಯ 2021ರ ಜೂನ್ 1ಕ್ಕೆ ಮುಗಿದು ಈಗ ಎಲ್ಲ ಸೇರಿ 15 ಗಿಗಾಬೈಟು ಮಾತ್ರ ಉಚಿತವಾದ್ದರಿಂದ, ಗಣಕಕ್ಕೋ ಪೆನ್ ಡ್ರೈವಿಗೋ ತಂತಿಯಲ್ಲಿ ಸಾಗಿಸುವ ಹಳೆಯ ದಾರಿಯೇ ನನಗೆ ಹಿತ.

ಶಿಕ್ಷಕಿ ಕಳೆದ ತಿಂಗಳು ಮತ್ತೆ ಸಿಕ್ಕಿದ್ದರು. ಅಜ್ಜಿಯನ್ನು ಕೂರಿಸಿ ಎರಡನೆಯ ಸಲ ಮುದ್ರಿಸಿಕೊಂಡಿದ್ದಾರೆ, ಮೂರು ಕಡೆ ಪ್ರತಿ ಇಟ್ಟಿದ್ದಾರೆ. ಈ ಸಲ ಹನ್ನೊಂದು ನಿಮಿಷ. ಲಿಂಗನಮಕ್ಕಿಯ ಕತೆಯನ್ನು ಅಜ್ಜಿ ಹೇಳಿದರಂತೆ. ತವರಿನ ಮನೆ ಬಿಟ್ಟು ಬಂದ ಮೊದಲಿನ ಕತೆಯನ್ನು ಕೇಳಿದರೆ, "ಅದನ್ನ ಆಗಲೇ ಹೇಳಿದ್ದೆನಲ್ಲೇ, ನಿನ್ನ ಹತ್ರ ಇದ್ದಲ್ಲ" ಎಂದು ಎದ್ದು ಒಳಗೆ ಹೋದರಂತೆ.