ಗಾಡಿಯ ತಲೆಮಾರು, ಇಂಜಿನ್ನಿನ ತಲೆಮಾರು: ಜೂಜುವಾಡಿಯ ಗ್ಯಾರೇಜಿನಿಂದ ಒಂದು ಟಿಪ್ಪಣಿ

ಅತ್ತಿಬೆಲೆ ದಾಟಿ ಹೊಸೂರಿನ ದಾರಿ ಹಿಡಿದರೆ ಗಡಿಯಾಚೆ ಮೊದಲು ಸಿಗುವ ಊರು ಜೂಜುವಾಡಿ. ಚೆಕ್‌ಪೋಸ್ಟಿನ ದೆಸೆಯಿಂದ ಲಾರಿಯವರಿಗೆಲ್ಲ ಪರಿಚಿತವಾದ ಹೆಸರು. ಹೆದ್ದಾರಿಯಿಂದ ಕೊಂಚ ಒಳಗೆ ಸರಿದರೆ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ನೆರಳಿನಲ್ಲಿ ಬೆಳೆದ ಲೇತ್ ಅಂಗಡಿಗಳು, ವೆಲ್ಡಿಂಗ್ ಶೆಡ್ಡುಗಳು, ಗ್ಯಾರೇಜುಗಳು. ಅಂಥದ್ದೊಂದು ಗ್ಯಾರೇಜಿನ ಅಂಗಳದಲ್ಲಿ ಒಂದೇ ಬೆಳಿಗ್ಗೆ ಕೆಎ 51, ಕೆಎ 59, ಟಿಎನ್ 70 ನಂಬರಿನ ಜೀಪುಗಳು ಸಾಲಾಗಿ ನಿಂತಿದ್ದವು. ಒಂದರಲ್ಲಿ ಹಳೆಯ ವಿಲ್ಲಿಸ್ ವಂಶದ ಪೆಟ್ರೋಲ್ ಇಂಜಿನ್, ಇನ್ನೊಂದರಲ್ಲಿ 1980ರ ದಶಕದ ಡೀಸೆಲ್, ಮತ್ತೊಂದರಲ್ಲಿ ಬಿಎಸ್ 6 ಹೊಗೆ ನಿಯಮದ ಕಾಲದ ಕಾಮನ್ ರೈಲ್ ಡೀಸೆಲ್. ಮೂರರ ಬಾನೆಟ್ಟೂ ತೆರೆದಿತ್ತು. ಹಳೆಯ ಇಂಜಿನ್ ಗಟ್ಟಿಯೋ ಹೊಸದು ಗಟ್ಟಿಯೋ ಎಂಬ ಪ್ರಶ್ನೆಗೆ ಅಲ್ಲಿದ್ದ ಎಲ್ಲರ ಬಳಿಯೂ ಉತ್ತರವಿತ್ತು. ನನಗೆ ಪ್ರಶ್ನೆಯ ಮೇಲೇ ಅನುಮಾನ ಬಂತು.

ಮೊದಲ ತೊಡಕು ‘ತಲೆಮಾರು’ ಎಂಬ ಮಾತಿನದು. ಕಂಪನಿಗಳು ತಲೆಮಾರನ್ನು ಎಣಿಸುವುದು ಬಹುಮಟ್ಟಿಗೆ ಗಾಡಿಯ ಬಾಡಿ ನೋಡಿ. ಇಂಜಿನ್ನಿನ ವಂಶಾವಳಿ ಬೇರೆಯೇ ಲೆಕ್ಕದಲ್ಲಿ ನಡೆಯುತ್ತದೆ. ಮಾರುತಿ ಜಿಪ್ಸಿಯನ್ನು ನೋಡಿ. 1985ರ ಡಿಸೆಂಬರಿನಲ್ಲಿ ಬಂದಾಗ ಅದರಲ್ಲಿದ್ದುದು 970 ಸಿಸಿಯ ಪೆಟ್ರೋಲ್ ಇಂಜಿನ್. 1996ರಲ್ಲಿ 1298 ಸಿಸಿಯದು ಬಂತು. 2000ದಲ್ಲಿ ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ ಬಂತು. ಇಷ್ಟೆಲ್ಲ ಆದರೂ ದೂರದಿಂದ ನೋಡಿದವರಿಗೆ ಅದೇ ಜಿಪ್ಸಿ. ಗೂರ್ಖಾದ ಕತೆ ಇದಕ್ಕೆ ತಿರುವುಮುರುವು. ಅದನ್ನು ತಯಾರಿಸುವ ಬಜಾಜ್ ಟೆಂಪೋ ಕಂಪನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಆಯಿತು; ಗಾಡಿಯ ಹೊರರೂಪ ಹಲವು ಸಲ ತಿದ್ದಿಸಿಕೊಂಡಿತು; ಆದರೆ ಬಹುಕಾಲ ಒಳಗೆ ದುಡಿದದ್ದು 1970ರ ದಶಕದಲ್ಲಿ ಮರ್ಸಿಡಿಸ್ ಕಾರಿಗೆಂದು ಹುಟ್ಟಿದ ಓಎಂ 616 ಡೀಸೆಲ್ಲಿನ ಸಂತತಿ. ಮಹೀಂದ್ರ ಥಾರ್‌ನಲ್ಲಂತೂ 2010ರ ಒಂದೇ ತಲೆಮಾರಿನಲ್ಲಿ ಎರಡು ಕಾಲದ ಇಂಜಿನ್‌ಗಳಿದ್ದವು: 63 ಅಶ್ವಶಕ್ತಿಯ ಹಳೆಯ ಬಗೆಯ ಡಿಐ, 105 ಅಶ್ವಶಕ್ತಿಯ ಸಿಆರ್‌ಡಿಇ ಎಂಬ ಕಾಮನ್ ರೈಲ್. ‘ಹಳೆಯ ಥಾರ್ ಗಟ್ಟಿ’ ಎನ್ನುವವರು ಇವೆರಡರಲ್ಲಿ ಯಾವುದನ್ನು ಕುರಿತು ಹೇಳುತ್ತಿದ್ದಾರೆಂದು ಕೇಳದೆ ಮುಂದುವರಿಯುವಂತಿಲ್ಲ.

ಎರಡನೆಯ ತೊಡಕು ಸಾಕ್ಷ್ಯದ್ದು: ಕಣ್ಣೆದುರಿನ ಇಂಜಿನ್ ಆ ಗಾಡಿಯ ಮೂಲದ್ದೇ ಎಂದು ಹೇಳುವುದು ಹೇಗೆ? ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದೂ ಇದೇ. ಮಹೀಂದ್ರ ಕಂಪನಿ 1947ರಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸತೊಡಗಿತು. ಮುಂದೆ ದಶಕಗಳ ಕಾಲ ಇಲ್ಲಿ ತಯಾರಾದ ಸಿಜೆ-3ಬಿ ಮಾದರಿಯ ಎತ್ತರದ ಬಾನೆಟ್ ನಮ್ಮ ಕಡೆಯವರ ಕಣ್ಣಿಗೆ ‘ಜೀಪು’ ಎಂಬುದರ ರೂಪವೇ ಆಗಿಬಿಟ್ಟಿದೆ. ಬಾನೆಟ್ ಎತ್ತರವಾಗಲು ಕಾರಣ ಇಂಜಿನ್. ಆ ದಿನ ಗ್ಯಾರೇಜಿನಲ್ಲಿ ಅದರ ಹೆಡ್ ಬಿಚ್ಚಿ ಗೋಣಿತಾಟಿನ ಮೇಲಿಟ್ಟಿದ್ದರು. ಹೆಡ್ಡಿನಲ್ಲಿ ಇದ್ದುದು ಗಾಳಿ ಒಳಗೆಳೆಯುವ ವಾಲ್ವುಗಳು ಮಾತ್ರ. ಹೊಗೆ ಹೊರದೂಡುವ ವಾಲ್ವುಗಳು ಕೆಳಗೆ ಬ್ಲಾಕಿನಲ್ಲೇ, ಸಿಲಿಂಡರಿನ ಮಗ್ಗುಲಿಗೆ ಕೂತಿದ್ದವು. ಯುದ್ಧಕಾಲದ ಜೀಪಿನ ಇಂಜಿನ್ನಿನಲ್ಲಿ ಎರಡೂ ಬ್ಲಾಕಿನಲ್ಲೇ ಇದ್ದವು. ಒಂದು ಬಗೆಯ ವಾಲ್ವನ್ನು ಮೇಲಕ್ಕೆ ತಂದದ್ದರಿಂದ ಅದೇ 2.2 ಲೀಟರಿನಲ್ಲಿ 60 ಇದ್ದ ಅಶ್ವಶಕ್ತಿ 70 ದಾಟಿತು, ಇಂಜಿನ್ ಎತ್ತರವಾಯಿತು, ಬಾನೆಟ್ಟೂ ಏರಿತು. ಹಳೆಯ ಬ್ಲಾಕನ್ನು ಉಳಿಸಿಕೊಂಡು ಮಾಡಿದ ತಿದ್ದುಪಡಿ ಇದು. ತಲೆಮಾರುಗಳ ನಡುವಿನ ಗೆರೆ ಎಷ್ಟು ಮಸುಕು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಆದರೆ ಹಾಗೆ ಮೂಲ ಇಂಜಿನ್ ಉಳಿಸಿಕೊಂಡಿರುವ ಜೀಪು ಈಗ ಅಪರೂಪ. ಪೆಟ್ರೋಲ್ ಖರ್ಚು ತಾಳಲಾರದೆ ಅದನ್ನು ಇಳಿಸಿ ಡೀಸೆಲ್ ಇಂಜಿನ್ ಕೂರಿಸಿಕೊಂಡವರೇ ಹೆಚ್ಚು. ‘ಅಪ್ಪನ ಕಾಲದ ಜೀಪು, ಇನ್ನೂ ಓಡ್ತಿದೆ ನೋಡಿ’ ಎಂದು ಹೆಮ್ಮೆಯಿಂದ ತೋರಿಸುವ ಗಾಡಿಯಲ್ಲಿ ಅಪ್ಪನ ಕಾಲದ್ದೆಂದು ಉಳಿದಿರುವುದು ಚಾಸಿಸ್ಸು, ಬಾಡಿಯ ಸ್ವಲ್ಪ ಭಾಗ, ನೋಂದಣಿ ನಂಬರು. ಇಂಜಿನ್ ಬದಲಿಸಿದರೆ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಪಡೆಯಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. ಹೀಗಾಗಿ ಆರ್‌ಸಿ ಪುಸ್ತಕದಲ್ಲಿ ಇಂಜಿನ್ ನಂಬರು ತಿದ್ದಿರುವ ಜಾಗ ಗಾಡಿಗಳ ಚರಿತ್ರೆ ಹುಡುಕುವ ನಮ್ಮಂಥವರಿಗೆ ಕಲ್ಲುಶಾಸನದ ಒಂದು ಸಾಲಿಗೆ ಸಮ. ಗಡಿಯ ಊರಿನಲ್ಲಿ ಈ ಓದು ಇನ್ನೂ ಕಷ್ಟ. ಗಾಡಿ ಒಂದು ರಾಜ್ಯದಿಂದ ಎನ್‌ಓಸಿ ಪಡೆದು ಇನ್ನೊಂದರಲ್ಲಿ ಮರುನೋಂದಣಿಯಾದಾಗ ಹೊಸ ನಂಬರು ಬರುತ್ತದೆ. ಹಳೆಯ ಮಾಲೀಕ ಮಾಡಿಸಿದ ಇಂಜಿನ್ ಕೆಲಸದ ನೆನಪು ಗಡಿಯ ಆಚೆಯೇ ಉಳಿಯುತ್ತದೆ.

ಇದಕ್ಕೆ ಸೇರಿಕೊಂಡದ್ದು ಉಳಿದವುಗಳ ಕತೆ. ನಲವತ್ತು ವರ್ಷ ಹಿಂದಿನ ಗಾಡಿಗಳಲ್ಲಿ ನಮ್ಮ ಕಣ್ಣಿಗೆ ಬೀಳುವುದು ಬದುಕುಳಿದವು ಮಾತ್ರ. ಗುಜರಿಗೆ ಹೋದವು ಸಾಕ್ಷಿ ಹೇಳಲು ಬರುವುದಿಲ್ಲ. ಹೊಸ ಗಾಡಿಗಳಲ್ಲಿ ಗಟ್ಟಿಯದೂ ಇದೆ, ಜೊಳ್ಳೂ ಇದೆ, ಎರಡೂ ಇನ್ನೂ ರಸ್ತೆಯ ಮೇಲಿವೆ. ಬದುಕುಳಿದ ಹಳೆಯವನ್ನೂ ಈ ಹೊಸವನ್ನೂ ಒಂದೇ ತಕ್ಕಡಿಗೆ ಹಾಕಿದರೆ ಹಳೆಯದೇ ಭಾರವಾಗುತ್ತದೆ.

ಇಷ್ಟು ಎಚ್ಚರ ಇಟ್ಟುಕೊಂಡ ಮೇಲೂ ಒಂದು ನಿಜವಾದ ವ್ಯತ್ಯಾಸ ಉಳಿಯುತ್ತದೆ. ಅದು ಕೆಡುವ ಬಗೆಯದು.

ದೇನ್ಕನಿಕೋಟೆಯಿಂದ ಅಂಚೆಟ್ಟಿಗೆ ಇಳಿಯುವ ಘಾಟಿಯಲ್ಲೂ ಅದರಾಚೆಯ ಬೆಟ್ಟದ ಹಳ್ಳಿಗಳಲ್ಲೂ ಜೀಪು ಕೆಟ್ಟು ನಿಂತರೆ ಎಳೆದು ತರುವುದು ಸುಲಭದ ಮಾತಲ್ಲ. ಆ ಕಡೆ ಓಡಾಡುವ ಎಂಎಂ 540ರಂಥ ಗಾಡಿಯಲ್ಲಿರುವುದು ಪ್ಯೂಜೊ ಮೂಲದ 2112 ಸಿಸಿ ಡೀಸೆಲ್. ಅದರ ಪಂಪಿಗೆ ಗಾಳಿ ಹಿಡಿದರೆ ಏನು ಮಾಡುತ್ತಾರೆಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಫಿಲ್ಟರಿನ ತಲೆಯ ಮೇಲಿನ ಸ್ಕ್ರೂವನ್ನು ಸ್ಪ್ಯಾನರಿನಲ್ಲಿ ಎರಡು ಸುತ್ತು ಸಡಿಲಿಸಿ, ಕೈಪಂಪನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋಗುತ್ತಾರೆ. ಮೊದಲು ಮಜ್ಜಿಗೆಯಂಥ ನೊರೆ ಉಕ್ಕುತ್ತದೆ, ಆಮೇಲೆ ದೊಡ್ಡ ಗುಳ್ಳೆಗಳು, ಕೊನೆಗೆ ಗುಳ್ಳೆಯಿಲ್ಲದ ತಿಳಿ ಡೀಸೆಲ್. ಆ ಕ್ಷಣಕ್ಕೆ ಸ್ಕ್ರೂ ಬಿಗಿ. ಹತ್ತು ನಿಮಿಷದ ಕೆಲಸ. ಬೇಕಾದದ್ದು ಒಂದು ಸ್ಪ್ಯಾನರು, ಒಂದು ಚಿಂದಿ ಬಟ್ಟೆ. ಬ್ಯಾಟರಿ ಸತ್ತಿದ್ದರೂ ಇಳಿಜಾರಿನಲ್ಲಿ ತಳ್ಳಿ ಎಬ್ಬಿಸಬಹುದು.

ಕಾಮನ್ ರೈಲ್ ಇಂಜಿನ್ನಿನಲ್ಲಿ ಹಾಗೆ ಪೈಪಿಗೆ ಕೈ ಹಾಕುವಂತಿಲ್ಲ. ಹಳೆಯ ಮೆಕ್ಯಾನಿಕಲ್ ನಾಸಲ್‌ಗಳು ನೂರು, ಇನ್ನೂರು ಬಾರ್ ಒತ್ತಡದ ಆಸುಪಾಸಿನಲ್ಲಿ ತೆರೆದುಕೊಳ್ಳುತ್ತಿದ್ದವು; ಇಲ್ಲಿ ಎಲ್ಲ ಸಿಲಿಂಡರಿಗೂ ಡೀಸೆಲ್ ಹಂಚುವ ‘ರೈಲ್’ ಎಂಬ ಕೊಳವೆಯೊಳಗಿನ ಒತ್ತಡ ಸಾವಿರದಾರುನೂರು ಬಾರ್ ಮಟ್ಟದ್ದು. ಸಡಿಲವಾದ ನಟ್ಟಿನಿಂದ ಹಾರುವ ಕೂದಲೆಳೆಯಷ್ಟು ಡೀಸೆಲ್ ಚರ್ಮ ತೂರಿ ಒಳಗೆ ಹೋಗಬಲ್ಲದು. ಈ ಒತ್ತಡದ ಫಲವೂ ದೊಡ್ಡದು. ಎಂಎಂ 540ರ 2.1 ಲೀಟರು ಕೊಟ್ಟದ್ದು 60ರ ಆಸುಪಾಸಿನ ಅಶ್ವಶಕ್ತಿ. 2020ರ ಥಾರ್‌ನ ಎಂಹಾಕ್ ಇಂಜಿನ್ 2184 ಸಿಸಿಯದು, ಕೊಡುವುದು 130. ಹೆಚ್ಚುಕಡಿಮೆ ಅಷ್ಟೇ ದೊಡ್ಡ ಹೊಟ್ಟೆಯಿಂದ ಎರಡರಷ್ಟು ದುಡಿಮೆ. ಗುಂಡಿ ಒತ್ತಿದರೆ ಚಳಿಗಾಲದ ಮುಂಜಾವಿನಲ್ಲೂ ಎದ್ದುಬಿಡುತ್ತದೆ. ಹೊಗೆ ಉಗುಳುವುದಿಲ್ಲ. ದಿನದಿನದ ಸಣ್ಣ ತಂಟೆಗಳು ನಿಜಕ್ಕೂ ಕಡಿಮೆಯಾಗಿವೆ, ಅದನ್ನು ಒಪ್ಪದೆ ಹಳೆಯದನ್ನು ಹೊಗಳುವುದು ಅನ್ಯಾಯ.

ಹಾಗಾದರೆ ಹೊಸದು ಎಲ್ಲಿ ಸೋಲುತ್ತದೆ? ಆ ಅಂಗಳದಲ್ಲೇ ಒಂದು ಬಿಎಸ್ 6 ಡೀಸೆಲ್ ಗಾಡಿ ನಿಂತಿತ್ತು. ಮೆಕ್ಯಾನಿಕ್ ಆಯಿಲ್ ಕಡ್ಡಿ ಎಳೆದು ಒರೆಸಿ, ಮತ್ತೆ ಅದ್ದಿ ನನ್ನ ಮುಂದೆ ಹಿಡಿದರು. ಆಯಿಲ್ ಮೇಲಿನ ಗುರುತನ್ನೂ ದಾಟಿ ನಿಂತಿತ್ತು. ‘ಮೂಸಿ ನೋಡಿ ಸಾರ್’ ಎಂದರು. ಡೀಸೆಲ್ ವಾಸನೆ. ‘ಹಳೇ ಗಾಡೀಲಿ ಆಯಿಲ್ ಇಳಿದ್ರೆ ಭಯ, ಇದ್ರಲ್ಲಿ ಏರಿದ್ರೆ ಭಯ.’

ಅವರ ಮಾತಿನ ಹಿಂದಿನ ಯಂತ್ರವಿದ್ಯೆ ಹೀಗಿದೆ. ಬಿಎಸ್ 6 ಡೀಸೆಲ್ ಗಾಡಿಯ ಹೊಗೆಕೊಳವೆಯಲ್ಲಿ ಮಸಿ ಹಿಡಿದಿಡುವ ಡಿಪಿಎಫ್ ಎಂಬ ಜಾಲರಿ ಇರುತ್ತದೆ. ಅದು ತುಂಬಿಕೊಂಡಾಗ ಸುಮಾರು 600 ಡಿಗ್ರಿಯಷ್ಟು ಕಾಯಿಸಿ ಮಸಿಯನ್ನು ಸುಡಬೇಕು. ಕಾಯಿಸಲು ಇಂಜಿನ್ ತಾನಾಗಿಯೇ ಒಂದಿಷ್ಟು ಹೆಚ್ಚಿನ ಡೀಸೆಲನ್ನು ತಡವಾಗಿ ಸಿಂಪಡಿಸುತ್ತದೆ. ಹೆದ್ದಾರಿಯಲ್ಲಿ ಓಡುವ ಗಾಡಿಗೆ ಇದು ಗೊತ್ತೇ ಆಗದ ಕೆಲಸ. ಆದರೆ ತೋಟದಿಂದ ಮನೆಗೆ, ಮನೆಯಿಂದ ಡೈರಿಗೆ ಎರಡು ಕಿಲೋಮೀಟರು, ಲೋ ಗೇರಿನಲ್ಲಿ ಬಂಡೆ ದಾರಿ, ಮತ್ತೆ ಆಫ್; ಇಂಥ ಓಡಾಟದಲ್ಲಿ ಸುಡುವ ಕೆಲಸ ಪ್ರತಿಸಲ ಅರ್ಧಕ್ಕೆ ನಿಲ್ಲುತ್ತದೆ. ಸಿಂಪಡಿಸಿದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಜಾರಿ ಆಯಿಲ್ಲಿಗೆ ಸೇರುತ್ತದೆ. ಆಯಿಲ್ ಏರುತ್ತದೆ, ತೆಳ್ಳಗಾಗುತ್ತದೆ, ಬೇರಿಂಗಿಗೆ ಆಸರೆ ತಪ್ಪುತ್ತದೆ. ಇಂಜಿನ್ ದುರ್ಬಲವಾದದ್ದರಿಂದ ಬಂದ ತೊಂದರೆ ಇದಲ್ಲ. ಬಳಕೆಗೂ ಯಂತ್ರಕ್ಕೂ ಹೊಂದಾಣಿಕೆ ತಪ್ಪಿದ್ದರಿಂದ ಬಂದದ್ದು. ಗುಡ್ಡಗಾಡಿನ ರೈತ ಕೊಳ್ಳುವಾಗಲೇ ಇದನ್ನು ಅವನಿಗೆ ಕನ್ನಡದಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಯಾರಾದರೂ ಬಿಡಿಸಿ ಹೇಳಬೇಕಿತ್ತು. ವಾರಕ್ಕೊಂದು ಸಲ ಕೃಷ್ಣಗಿರಿವರೆಗೆ ಒಂದೇ ಓಟ ಓಡಿಸಿಕೊಂಡು ಬಂದರೂ ಎಷ್ಟೋ ಅನಾಹುತ ತಪ್ಪುತ್ತದೆ.

ಇಂಜಿನ್ನಿನ ತಲೆಮಾರನ್ನು ಎಣಿಸುವ ಸರಿಯಾದ ಮೈಲಿಗಲ್ಲು ಇಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಹೊಗೆಯ ಕಾನೂನು ಮತ್ತು ಬಂಕಿನ ಎಣ್ಣೆ. ಬಿಎಸ್ 3ರ ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 350 ಭಾಗದವರೆಗೆ ಇರಬಹುದಿತ್ತು, ಬಿಎಸ್ 4ರಲ್ಲಿ 50, ಬಿಎಸ್ 6ರಲ್ಲಿ 10. ಬಿಎಸ್ 3 ಗಾಡಿಗಳ ಮಾರಾಟಕ್ಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2017ರ ಏಪ್ರಿಲ್ 1ಕ್ಕೆ ತೆರೆಬಿತ್ತು. ಬಿಎಸ್ 6 ದೇಶದಾದ್ಯಂತ ಜಾರಿಗೆ ಬಂದದ್ದು 2020ರ ಏಪ್ರಿಲ್ 1ರಂದು. ಹಳೆಯ ಬಗೆಯ ಇಂಜಿನ್‌ಗಳು ನಿಂತುಹೋದದ್ದು ಈ ತಾರೀಖುಗಳ ಹಿಂದುಮುಂದಿನಲ್ಲೇ. ಅವು ಕೆಡುತ್ತಿದ್ದವೆಂದು ಯಾರೂ ಅವನ್ನು ನಿಲ್ಲಿಸಲಿಲ್ಲ.

ಹೊರಗಿನ ಒಂದು ಉದಾಹರಣೆ ಈ ಮಾತಿಗೆ ಬಲ ಕೊಡುತ್ತದೆ. ಟೊಯೋಟ ಕಂಪನಿ 1984ರಲ್ಲಿ ಹೊರತಂದ ಲ್ಯಾಂಡ್ ಕ್ರೂಸರ್ 70 ಸರಣಿಗೆ 1990ರಲ್ಲಿ ಟರ್ಬೊ ಇಲ್ಲದ, ಮೆಕ್ಯಾನಿಕಲ್ ಪಂಪಿನ 4.2 ಲೀಟರಿನ ಡೀಸೆಲ್ ಕೂರಿಸಿತು. ಹೊಗೆಯ ನಿಯಮ ಬಿಗಿಯಾದ ದೇಶಗಳಿಗೆ ಅದೇ ಗಾಡಿಯಲ್ಲಿ ಹೊಸ ಇಂಜಿನ್‌ಗಳು ಹೋದವು. ಆಫ್ರಿಕದಂಥ ಕಡೆ, ಒಳ್ಳೆಯ ಎಣ್ಣೆ ಸಿಗದ, ಸರ್ವೀಸ್ ಸೆಂಟರ್ ದೂರವಿರುವ ನಾಡುಗಳಿಗೆ ಹಳೆಯದೇ ಹೋಗುತ್ತಾ ಬಂತು. ಹೊಸದನ್ನು ಮಾಡಲು ಗೊತ್ತಿದ್ದ ಕಂಪನಿಯೇ ಊರು ನೋಡಿ ಇಂಜಿನ್ ಆರಿಸಿತು.

ಜೂಜುವಾಡಿಯ ಅಂಗಳಕ್ಕೆ ಮರಳುವುದಾದರೆ, ಮುಂದಿನ ಕೆಲಸಕ್ಕೆ ನಾನು ಮೂರು ಸಂಗತಿ ಬರೆದುಕೊಳ್ಳತೊಡಗಿದ್ದೇನೆ: ಬ್ಲಾಕಿನ ಮೇಲೆ ಕೊರೆದ ಇಂಜಿನ್ ನಂಬರು, ಆರ್‌ಸಿಯಲ್ಲಿರುವ ನಂಬರು, ಕಳೆದ ಸಲ ಗಾಡಿ ನಿಂತಾಗ ಅದನ್ನು ಎಲ್ಲಿ ಸರಿಮಾಡಿದರು ಎಂಬುದು. ಮೂರನೆಯದನ್ನು ಯಾವ ಕಾಗದವೂ ಹೇಳುವುದಿಲ್ಲ, ಡ್ರೈವರನ್ನೇ ಕೇಳಬೇಕು. ಆ ದಿನ ಹಳೆಯ ಪೆಟ್ರೋಲ್ ಜೀಪಿನ ಬ್ಲಾಕಿನ ಮೇಲಿನ ಗ್ರೀಸನ್ನು ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿ, ಟಾರ್ಚ್ ಹಿಡಿದು ಅಂಕಿಗಳನ್ನು ಒಂದೊಂದಾಗಿ ಓದಿದೆವು. ಆರ್‌ಸಿಯ ನಂಬರಿಗೆ ಅದು ಸರಿಯಾಗಿ ತಾಳೆಯಾಯಿತು. ಮಾಲೀಕರು ಏನೂ ಮಾತಾಡದೆ ಇನ್ನೊಂದು ಸಲ ತಾವೇ ಓದಿಕೊಂಡರು.